ಕೊಟ್ಟಿಗೆಯಲ್ಲಿ ಕೌಬಾಯ್‌ಗಳು

ಬೆಳೆದು ನಿಂತ ಗಂಡಸರು ತಲೆಗೆ ಅಗಲ ಅಂಚಿನ ಟೋಪಿ ಇಟ್ಟು, ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಒಂದು ಕಡೆ ಸೇರಿದ ಮೇಲೆ ಎಡವಟ್ಟಿಲ್ಲದೆ ಭಾನುವಾರ ಮುಗಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಕೊಟ್ಟಿಗೆಯಲ್ಲಂತೂ ವಾರಕ್ಕೊಂದು ಆಗಿಯೇ ಆಗುತ್ತೆ.

ಕೊಟ್ಟಿಗೆ ಅಂದರೆ ನಿಜವಾದ ಕೊಟ್ಟಿಗೆಯೇ. ಕೆ.ಆರ್. ಪುರದ ಹಳೇ ಊರಿನೊಳಗೆ ನಮ್ಮ ಮಾವನವರ ಮನೆ. ಮನೆ ಹಿಂದೆ ಉದ್ದಕ್ಕೆ ಶೀಟು ಹೊದಿಸಿದ ಜಾಗ. ಹಸುಗಳು ಹೋಗಿ ಎಷ್ಟೋ ವರ್ಷ ಆಯ್ತು, ಗೂಟಗಳು ಮಾತ್ರ ಇನ್ನೂ ಇವೆ. ನಾನು ಕಾಲೇಜಿನಲ್ಲಿ ಎನ್‌ಸಿಸಿ ರೈಫಲ್ ಹಿಡಿದವಳು. ಮದುವೆಯಾದರೂ, ಮಕ್ಕಳಾದರೂ ಆ ಹುಚ್ಚು ಇಳಿಯಲಿಲ್ಲ. ಕೊಟ್ಟಿಗೆಯ ಕೊನೇ ಗೋಡೆಗೆ ಮರಳು ಮೂಟೆ ಒಟ್ಟಿ, ಅದರ ಮುಂದೆ ಕಬ್ಬಿಣದ ತಟ್ಟೆಗಳನ್ನು ನೇತುಹಾಕಿ, ಕೌಬಾಯ್ ಶೂಟಿಂಗ್ ಕ್ಲಬ್ ಶುರು ಮಾಡಿಬಿಟ್ಟೆ. ಹಳೇ ಕಾಲದ ಅಮೆರಿಕದ ದನಗಾಹಿಗಳ ವೇಷ ಹಾಕಿಕೊಂಡು, ಸೊಂಟದಿಂದ ಪಿಸ್ತೂಲು ಎಳೆದು, ತಟ್ಟೆಗಳನ್ನು ಸಾಲಾಗಿ ಟಣ್ ಟಣ್ ಅಂತ ಹೊಡೆಯೋ ಆಟ ಅದು. ಆ ದೇಶದವರು ನಿಜವಾದ ಗುಂಡು ಹಾರಿಸಿ, ಖಾಲಿ ತೋಟಾಗಳನ್ನು ಮನೆಯಲ್ಲೇ ಕೂತು ಮತ್ತೆ ತುಂಬಿಕೊಳ್ಳುತ್ತಾರಂತೆ. ನಮಗೆಲ್ಲಿಯ ಆ ಭಾಗ್ಯ? ನಮ್ಮದು ಗಾಳಿ ಪಿಸ್ತೂಲು. ಗುಂಡು ಕರಿಮೆಣಸಿನ ಕಾಳಿನಷ್ಟು.

ಮಾವನಿಗೆ ಇದು ಸುತಾರಾಂ ಇಷ್ಟವಿರಲಿಲ್ಲ.

"ಕೌಬಾಯ್ ಅಂದ್ರೆ ದನ ಕಾಯೋನು ತಾನೇನಮ್ಮಾ?" ಅಂದರು.

"ಹೂಂ ಮಾವ."

"ನಾನು ಹುಟ್ಟಿದಾಗಿಂದ ದನ ಕಾದೋನು. ನಂಗೆ ಒಬ್ಬನಾದ್ರೂ ಟೋಪಿ ಕೊಟ್ನಾ?"

ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದರು. ಅಕ್ಕಪಕ್ಕದವರಿಂದ ಒಂದೇ ಒಂದು ದೂರು ಬಂದರೂ ಸರಿ, ಕ್ಲಬ್ಬಿಗೆ ಬೀಗ; ಕೊಟ್ಟಿಗೆ ಕೆಡವಿ, ಮಂಚಕ್ಕಿಷ್ಟು ಅಂತ ಬಾಡಿಗೆಗೆ ಬಿಡೋ ಪಿಜಿ ಕಟ್ಟಲು ಕೊಟ್ಟುಬಿಡೋದು. ಬರೀ ಬಾಯಿಮಾತಲ್ಲ. ಪಿಜಿ ಕಟ್ಟುವವನು ಆಗಲೇ ಟೇಪು ಹಿಡಿದು ಬಂದು, ನಾನು ಗುರಿ ತಟ್ಟೆ ನೇತುಹಾಕಿದ್ದ ಜಾಗದಲ್ಲಿ ನಿಂತು "ಇಲ್ಲಿ ಬಾತ್ರೂಮ್ ಬರುತ್ತೆ" ಅಂತ ಹೇಳಿ ಹೋಗಿದ್ದ.

ಇನ್ನು ಅಕ್ಕಪಕ್ಕ ಅಂದರೆ ಯಾರು? ಒಂದು ಕಡೆ ರಸ್ತೆ, ಇನ್ನೊಂದು ಕಡೆ ಅಜ್ಜಿ. ಮಾವನ ವಾರಿಗೆಯವರು, ಇದೇ ಊರಲ್ಲಿ ಹುಟ್ಟಿ ಇದೇ ಊರಿಗೆ ಮದುವೆಯಾದವರು. ಅವರ ಬಾಯಿಗೆ ಹೆದರಿ ಕಸದ ಗಾಡಿಯವನು ಅವರ ಮನೆ ಮುಂದೆ ಹಾರ್ನ್ ಕೂಡ ಮಾಡಲ್ಲ. ನನ್ನ ಕ್ಲಬ್ಬಿನ ಜೀವ ಇದ್ದಿದ್ದು ಆ ಅಜ್ಜಿ ಕೈಯಲ್ಲಿ.

ಮೂಲಂಗಿ

ನಮ್ಮ ಕ್ಲಬ್ಬಿನ ಹಿರಿಯರು ಜೋಗುಪಾಳ್ಯದ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು. ಟೋಪಿ, ಬೂಟು, ಕುತ್ತಿಗೆಗೊಂದು ಕೆಂಪು ಕರವಸ್ತ್ರ, ಶಿವಾಜಿನಗರದಲ್ಲಿ ಹೊಲಿಸಿದ ಚರ್ಮದ ಬೆಲ್ಟು, ಅದಕ್ಕೆ ಮುಚ್ಚಳ ಇರೋ ಪಿಸ್ತೂಲಿನ ಚೀಲ. ಒಂದಕ್ಕೂ ಕೊರತೆಯಿಲ್ಲ. ಆಟ ಮುಗಿದ ಮೇಲೆ ಪಿಸ್ತೂಲುಗಳನ್ನೆಲ್ಲ ನಾನು ಬೀರುವಿಗೆ ಹಾಕಿ ಬೀಗ ಜಡಿಯುತ್ತೇನೆ. ಆದರೆ ಇವರು ವೇಷ ಬಿಚ್ಚಲ್ಲ. "ಇಲ್ಲೇ ಬಿಚ್ಚಿಬಿಟ್ರೆ ಖುಷಿ ಇಳಿದುಹೋಗುತ್ತೆ ಮೇಡಂ" ಅಂತ ಹಾಗೇ ಸ್ಕೂಟರ್ ಹತ್ತಿ ಹೊರಡುತ್ತಾರೆ.

ಒಂದು ಸಲ ದಾರಿಯಲ್ಲಿ ಹೆಂಡತಿ ಫೋನು. ಹುಳಿಗೆ ಮೂಲಂಗಿ ಬೇಕಂತೆ. ಸಂತೆಯಲ್ಲಿ ಕೊಂಡರು, ಕೈಚೀಲ ಇರಲಿಲ್ಲ. ಸ್ವಲ್ಪ ಮೂಲಂಗಿ ಸ್ಕೂಟರಿನ ಡಿಕ್ಕಿಗೆ ಹಿಡಿಸಿತು. ಉಳಿದ ಒಂದು ದಪ್ಪ ಮೂಲಂಗಿಯ ಸೊಪ್ಪು ಮುರಿದು, ಖಾಲಿ ಇದ್ದ ಪಿಸ್ತೂಲಿನ ಚೀಲಕ್ಕೆ ತುರುಕಿ, ಮುಚ್ಚಳ ಹಾಕಿಕೊಂಡರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತಂತೆ.

ಸಿಗ್ನಲ್ಲಿನಲ್ಲಿ ಪೊಲೀಸಿನವರ ಕಣ್ಣು ಸೊಂಟದ ಮೇಲೆ ಬಿತ್ತು. "ಗಾಡಿ ಸೈಡಿಗೆ ಹಾಕಿ ಸಾರ್. ಕೈ ಮೇಲೆ ಎತ್ತಿ!" ಇವರು ಗಾಬರಿಗೆ ಎರಡೂ ಕೈ ಒಟ್ಟಿಗೆ ಎತ್ತಿದರು. ಸ್ಕೂಟರ್ ಮಗುಚಿಕೊಂಡಿತು, ಡಿಕ್ಕಿ ತೆರೆದುಕೊಂಡು ಮೂಲಂಗಿಯೆಲ್ಲ ರಸ್ತೆಪಾಲು. ಪೊಲೀಸಿನವರು ಹುಷಾರಾಗಿ ಮುಚ್ಚಳ ತೆಗೆದು, ಎರಡು ಬೆರಳಲ್ಲಿ ಮೂಲಂಗಿ ಈಚೆಗೆಳೆದರು. ಅದನ್ನೊಮ್ಮೆ, ಟೋಪಿಯನ್ನೊಮ್ಮೆ ನೋಡಿದರು.

"ಏನ್ ಸಾರ್, ಮನೇಲಿ ಹೇಳಿ ಬಂದಿದ್ದೀರಾ?"

"ಹೇಳಿ ಬಂದಿದ್ದೀನಿ ಸಾರ್" ಅಂದರಂತೆ ಮ್ಯಾನೇಜರು, ಕೈ ಇನ್ನೂ ಮೇಲೆಯೇ. "ತರೋಕೆ ಹೇಳಿದ್ದೇ ಅವಳು."

ಒಗ್ಗರಣೆ ಘಾಟು

ನಮ್ಮ ಅತ್ತೆಗೆ ಒಂದು ಅಭ್ಯಾಸ. ಅವರು ಒಳ್ಳೇ ಡಬ್ಬಿ ಕಂಡರೆ ಬಿಸಾಕಲ್ಲ. ನಾವು ಖಾಲಿ ಮಾಡಿದ ಗುಂಡಿನ ಡಬ್ಬಿಗಳನ್ನು ನೋಡಿದರೆ ಅವರ ಬಾಯಲ್ಲಿ ನೀರೂರುತ್ತಿತ್ತು. ತಿರುಗಣೆ ಮುಚ್ಚಳ, ತಗಡು ಗಟ್ಟಿ. ಒಂದು ದಿನ ಯಾರಿಗೂ ಹೇಳದೆ ಹೊಸದಾಗಿ ಖಾಲಿಯಾದ ಒಂದು ಡಬ್ಬಿಯನ್ನು ತಿಕ್ಕಿ, ಒಣಗಿಸಿ, ಅದಕ್ಕೆ ಕರಿಮೆಣಸು ತುಂಬಿಟ್ಟರು. ಆ ಭಾನುವಾರ ಮಕ್ಕಳಿಗೆ ನೆಗಡಿ. ಮೆಣಸಿನ ಸಾರು ಮಾಡಬೇಕು ಅಂತ ಡಬ್ಬಿ ಹಿಡಿದು ಹೊರಟವರು, ಕೊಟ್ಟಿಗೆಯಲ್ಲಿ ನನ್ನ ಹತ್ತಿರ ಏನೋ ಕೇಳೋಕೆ ಬಂದು, ಅದನ್ನು ಅಲ್ಲೇ ಮೇಜಿನ ಮೇಲಿಟ್ಟು ಮರೆತು ಹೋದರು.

ಅವತ್ತು ಗುಂಡು ತುಂಬೋ ಸರದಿ ಸಿ.ವಿ. ರಾಮನ್ ನಗರದ ಸಾಫ್ಟ್‌ವೇರ್ ಹುಡುಗನದು. ಕೈ ಒಂದು ಕಡೆ, ಕಣ್ಣು ಮೊಬೈಲಿನ ಕಡೆ. ಮೂರು ಪಿಸ್ತೂಲಿಗೂ ಭರ್ತಿ ಮೆಣಸು ತುಂಬಿಟ್ಟ. ಮ್ಯಾನೇಜರು ಠೀವಿಯಿಂದ ಬಂದು, ಸೊಂಟದಿಂದ ಎಳೆದು ಪಟಪಟ ಹೊಡೆದರು. ಟಣ್ ಅನ್ನಬೇಕಾದ ತಟ್ಟೆ ಸುಮ್ಮನಿತ್ತು. ಪುಸ್ ಪುಸ್ ಅಂತ ಪುಡಿ ಎದ್ದಿತು. ಫ್ಯಾನು ಬೇರೆ ತಿರುಗುತ್ತಿತ್ತು.

"ಏನ್ ಗುರು ತುಂಬಿದ್ದೀಯಾ? ಆಕ್ಷೀ!"

"ಸಾರ್, ಅದೇ ಡಬ್ಬೀನೇ ಸಾ... ಆಕ್ಷೀ!"

ಕೊಟ್ಟಿಗೆಗೆ ಕೊಟ್ಟಿಗೆಯೇ ಸೀನುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆ ಅಜ್ಜಿಯೂ ಸೀನಿದರು. ಮುಗೀತು ಕಥೆ, ಬಂತು ಬಾತ್ರೂಮು ಅಂದುಕೊಂಡೆ. ಗೋಡೆ ಮೇಲೆ ಅಜ್ಜಿಯ ತಲೆ ಕಾಣಿಸಿತು.

"ಏನಮ್ಮೀ, ಏನು ಒಗ್ಗರಣೆ ಹಾಕ್ತಿದ್ದೀರಾ? ಇಂಥ ಘಾಟು!"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಓಡಿ ಬಂದರು. "ಮೆಣಸಿನ ಸಾರು ಅಜ್ಜೀ, ನಿಮಗೂ ಒಂದು ಲೋಟ ಕಳಿಸ್ತೀನಿ!" ಅಜ್ಜಿಯ ಮುಖ ಅರಳಿತು. ಅಜ್ಜಿ ಆಚೆ ಹೋದ ಮೇಲೆ ಅತ್ತೆ ಮರಳು ಮೂಟೆ ನೋಡಿಕೊಂಡು ಮ್ಯಾನೇಜರ ಕಡೆ ತಿರುಗಿದರು.

"ಇದ್ದ ಮೆಣಸೆಲ್ಲ ಗೋಡೆಗೆ ಹೊಡೆದ್ರಲ್ಲ ಸಾರ್! ಈಗ ಸಾರು ನೀವು ಮಾಡಿಕೊಡ್ತೀರಾ?"

ಗಂಧ ಕುಂಕುಮ

ಆಯುಧಪೂಜೆಗೆ ಮನೆಯಲ್ಲಿ ಕುಡುಗೋಲು, ಮಿಕ್ಸಿ, ಕಾರು, ಲ್ಯಾಪ್‌ಟಾಪು ಎಲ್ಲಕ್ಕೂ ಪೂಜೆ ಆಗುವಾಗ ನಿಜವಾದ ಆಯುಧ ಬಿಡೋಕಾಗುತ್ತಾ? ಅತ್ತೆ ಪಿಸ್ತೂಲುಗಳನ್ನೆಲ್ಲ ಮಣೆ ಮೇಲೆ ಜೋಡಿಸಿ, ಬಹಳ ಭಕ್ತಿಯಿಂದ ಒಂದೊಂದಕ್ಕೂ ಗಂಧ, ಗಂಧದ ಮೇಲೆ ಕುಂಕುಮ ಇಟ್ಟರು. ಎಲ್ಲಿಟ್ಟರು? ಗುರಿ ನೋಡೋ ಸಂದಿಗೆ, ನೀಟಾಗಿ ಮೆತ್ತಿ. ರಾತ್ರಿ ಕಳೆದು ಅದು ಸಿಮೆಂಟಾಯಿತು.

ಮಾರನೇ ದಿನ ಹಲಸೂರಿನಿಂದ ಇನ್ನೊಂದು ತಂಡ ಪಂದ್ಯಕ್ಕೆ ಬಂದಿತ್ತು. ಪೂಜೆ ಮಾಡಿದ್ದನ್ನು ಒರೆಸಿದರೆ ಅಪಶಕುನ ಅಂತ ಅತ್ತೆ ಬಾಗಿಲಲ್ಲೇ ಕಾವಲು ಕೂತರು. ನಮ್ಮವರು ಗುರಿಯೇ ಕಾಣದೆ ಹೊಡೆದಿದ್ದೇ ಹೊಡೆದಿದ್ದು, ತಟ್ಟೆಯೊಂದು ಬಿಟ್ಟು ಮಿಕ್ಕಿದ್ದಕ್ಕೆಲ್ಲ ತಗುಲಿತು. ಸೋತು ಸುಣ್ಣವಾದೆವು. ನಾನು ಸಿಟ್ಟಿನಿಂದ "ಅತ್ತೇ, ನಿಮ್ಮ ಗಂಧದಿಂದ ಸೋತ್ವಿ" ಅಂದೆ.

ಅತ್ತೆ ತಣ್ಣಗೆ ಅಂದರು: "ಪೂಜೆ ಮಾಡಿದ್ದಕ್ಕೇ ಯಾರ ಕಣ್ಣೂ ಹೋಗಲಿಲ್ಲ. ಸುಮ್ನೆ ಊಟಕ್ಕೆ ಬಾ."

ಕವಣೆ

ಇಷ್ಟೆಲ್ಲ ಆದರೂ ಅಜ್ಜಿಯ ಮನೆಯಿಂದ ಒಂದು ದೂರೂ ಬಂದಿರಲಿಲ್ಲ. ಮಾವ ಮಾತ್ರ ಕಲ್ಲುಬೆಂಚಿನ ಮೇಲೆ ಕೂತು ಪ್ರತಿ ಭಾನುವಾರ ಕಾಯುತ್ತಿದ್ದರು. ಕಾಯೋದರ ಜೊತೆಗೆ ಕೊಂಕು ಬೇರೆ. "ಕೈಗೆಟುಕೋ ದೂರದಲ್ಲಿ ತಟ್ಟೆ ಇಟ್ಕೊಂಡು ಹೊಡೀತಾರಪ್ಪಾ ಇವ್ರು!"

ಒಂದು ದಿನ ಮ್ಯಾನೇಜರಿಗೆ ತಡೆಯಲಾಗಲಿಲ್ಲ. ತಮ್ಮ ಟೋಪಿ ತೆಗೆದು ಮಾವನ ತಲೆಗಿಟ್ಟು, "ಬನ್ನಿ ಯಜಮಾನ್ರೇ, ನೀವೇ ತೋರಿಸಿ" ಅಂದರು.

ಟೋಪಿ ತಲೆಗೆ ಬಿದ್ದಿದ್ದೇ ತಡ, ಮಾವನಿಗೆ ಏನು ಬಂತೋ! "ನಿಮ್ಮ ಗಾಳಿ ಗೀಳಿ ನಂಗೆ ಬೇಡ" ಅಂತ ಎದ್ದು ಹೋಗಿ, ಅಟ್ಟದಿಂದ ಹಳೇ ಕವಣೆ ಇಳಿಸಿಕೊಂಡು ಬಂದರು. ಹುಡುಗರಾಗಿದ್ದಾಗ ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು, ಅದರಲ್ಲಿ ಕಲ್ಲು ಬೀಸಿ ಗಿಳಿ ಓಡಿಸುತ್ತಿದ್ದರಂತೆ. ಶೀಟಿನ ಕೆಳಗೆ ಕವಣೆ ತಿರುಗಿಸೋಕಾಗಲ್ಲ ಅಂತ ಅಂಗಳಕ್ಕೆ ಇಳಿದರು.

"ಮಾವ, ಬೇಡ! ಹೊರಗೆ ನಿಂತು ಯಾರೂ ಹೊಡೆಯೋ ಹಾಗಿಲ್ಲ. ಅದು ಕ್ಲಬ್ ರೂಲು."

"ನಿನ್ನ ರೂಲು ಪಿಸ್ತೂಲಿಗೆ ಕಣಮ್ಮಾ, ಕವಣೆಗಲ್ಲ. ನೋಡ್ತಾ ಇರು, ಆ ತೆಂಗಿನ ಮರದ ಒಣಗರಿ ಬೀಳಿಸ್ತೀನಿ."

ತಲೆ ಮೇಲೆ ಗಿರ್‍ರನೆ ತಿರುಗಿಸಿ, "ಹೋ... ಹೋಯ್!" ಅಂತ ಕೂಗಿ ಬಿಟ್ಟರು. ಗರಿ ಅಲುಗಲಿಲ್ಲ. ಆಮೇಲೆ ಅಜ್ಜಿಯ ತಾರಸಿಯಿಂದ ಢಬ್ ಅಂತ ಸದ್ದು. ಅದರ ಹಿಂದೆಯೇ ನೀರು ಧೋ ಅಂತ ಸುರಿಯೋದು ಕೇಳಿಸಿತು. ನೀರಿನ ಟ್ಯಾಂಕಿಗೆ ತೂತು. ಅಜ್ಜಿ ಬೆಳಗ್ಗೆಯಿಂದ ಕೂತು ಇಟ್ಟಿದ್ದ ಸಂಡಿಗೆ ಎಲ್ಲ ನೀರುಪಾಲು.

ಮಾವ ಕವಣೆಯನ್ನು ಪಂಚೆಯೊಳಗೆ ಸಿಕ್ಕಿಸಿ, ಬೆಂಚಿನ ಮೇಲೆ ಕೂತು, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡುಬಿಟ್ಟರು.

ಗೇಟು ಧಡಾರನೆ ತೆರೆದು ಅಜ್ಜಿ ಬಂದರು. ಸೀರೆಯೆಲ್ಲ ಒದ್ದೆ. "ಯಾವೋನ್ಲಾ ಅವ್ನು?" ಅಂದಿದ್ದಕ್ಕೆ ಮ್ಯಾನೇಜರು ಅಭ್ಯಾಸಬಲದಿಂದ ಎರಡೂ ಕೈ ಎತ್ತಿದರು. ಇಷ್ಟು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡು ಬಂದ ಕ್ಲಬ್ಬು ಹೀಗಾ ಮುಳುಗೋದು ಅಂತ ಅಳುವೇ ಬಂತು.

ಆಗ ಟೋಪಿಯ ಕೆಳಗಿನಿಂದ ಮಾವನ ದನಿ: "ನಾನು ಮೊದಲೇ ಹೇಳಿದ್ದೆ. ದೂರು ಬಂತಲ್ಲ? ನಾಳೆನೇ ಪಿಜಿಯೋನಿಗೆ ಫೋನ್ ಮಾಡ್ತೀನಿ."

ಅಬ್ಬಾ, ಆ ಧೈರ್ಯವೇ! ಸೊಸೆ ಅನ್ನೋದು ಮರೆತು ಏನಾದರೂ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಮುಷ್ಟಿ ಬಿಚ್ಚಿ ನನ್ನ ಮುಂದೆ ಹಿಡಿದರು. ನಿಂಬೆಹಣ್ಣಿನ ಗಾತ್ರದ ದುಂಡನೆ ಕಲ್ಲು.

"ಏನಮ್ಮೀ, ನಿನ್ನ ಪಿಸ್ತೂಲಲ್ಲಿ ಇದು ಹಿಡಿಸ್ತದಾ?"

"ಇಲ್ಲ ಅಜ್ಜೀ."

ಅಜ್ಜಿ ಬೆಂಚಿನ ಹತ್ತಿರ ಹೋಗಿ ಟೋಪಿಯನ್ನು ಎತ್ತಿದರು. ಕೆಳಗೆ ಮಾವ ಕಣ್ಣು ಮುಚ್ಚಿಕೊಂಡು ಕೂತಿದ್ದರು.

"ನಾನು ಲಂಗ ಹಾಕ್ತಿದ್ದ ಹುಡುಗಿ. ಬಾವಿಯಿಂದ ನೀರು ತರ್ತಿದ್ರೆ, ಗಿಳಿ ಹೊಡೀತೀನಿ ಅಂತ ನನ್ನ ಸೊಂಟದ ಮೇಲಿದ್ದ ಮಡಿಕೆ ಒಡೆದ ಇವ್ನು. ಆಮೇಲೆ ಬಣವೆ ಹಿಂದೆ ಬಚ್ಚಿಟ್ಕೊಂಡು, ಗಿಳಿನೇ ಕಲ್ಲು ಬೀಳಿಸ್ತು ಅಂದ. ಏಟು ತಿಂದೋಳು ನಾನು. ಅವತ್ತು ಮಡಿಕೆ, ಇವತ್ತು ಟ್ಯಾಂಕು. ಕೂದಲು ಹಣ್ಣಾದ್ರೂ ಗುರಿ ಹಣ್ಣಾಗ್ಲಿಲ್ಲ ಕಣೋ ನಿಂದು!"

ಸಾಫ್ಟ್‌ವೇರ್ ಹುಡುಗ ಮರಳು ಮೂಟೆಯ ಮೇಲೆ ಬಿದ್ದು ನಗುತ್ತಿದ್ದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಮಾತ್ರ ಕೇಳಿದೆ: "ಹಾಗಾದ್ರೆ ದೂರು, ಅಜ್ಜೀ?"

"ದೂರು ಐತೆ. ಬುಡೋ ಪ್ರಶ್ನೇನೇ ಇಲ್ಲ." ಅಜ್ಜಿ ಟೋಪಿಯ ಧೂಳು ಕೊಡವಿ ತಮ್ಮ ತಲೆಗೇ ಇಟ್ಟುಕೊಂಡರು. "ನೀನು ಆ ಪಿಜಿಯೋನಿಗೆ ಫೋನ್ ಮಾಡು. ಕೊಟ್ಟಿಗೆ ಹಿಂಗೇ ಇರ್ಲಿ, ಈ ಪಿಸ್ತೂಲಿನೋರೂ ಇಲ್ಲೇ ಇರ್ಲಿ. ಎಲ್ಲಾದ್ರೂ ದೂರದಲ್ಲಿ ಒಂದು ಮಂಚ ಖಾಲಿ ಇದ್ರೆ, ಇವ್ನನ್ನ ಸೇರಿಸ್ಬಿಡು!"