ವಿರೂಪಾಕ್ಷನ ಜೋಡಿ ಹೆಲ್ಮೆಟ್

"ಇವತ್ತಿನಿಂದ ನಮ್ಮಿಬ್ಬರ ಜಗಳ ಬಂದ್!" ಎಂದು ವಿರೂಪಾಕ್ಷ ಎರಡು ಹೆಲ್ಮೆಟ್‌ಗಳನ್ನು ನೂತನಾಳ ಮೇಜಿನ ಮೇಲೆ ದಡಕ್ಕನೆ ಇಟ್ಟ. ಅವಳ ಕಾಫಿ ಲೋಟ ಉರುಳಿಬಿತ್ತು. ಹೊಸದೊಂದು ಜಗಳ ಅಲ್ಲೇ ಶುರುವಾಯಿತು.

ಹೆಲ್ಮೆಟ್ ಎಂದರೆ ಸ್ಕೂಟರಿನವೇ. ಒಂದು ಕೆಂಪು, ಒಂದು ನೀಲಿ. ಎರಡರ ನೆತ್ತಿಯಿಂದಲೂ ವೈರುಗಳು ಹೊರಟು ಹಳೇ ಮಿಕ್ಸಿಯೊಂದರ ಹೊಟ್ಟೆ ಸೇರಿದ್ದವು. ಮಿಕ್ಸಿಯ ಮುಖಕ್ಕೆ ಗಡಿಯಾರದಂಥ ಬಿಲ್ಲೆ, ಅದರಲ್ಲಿ ಒಂದೇ ಮುಳ್ಳು.

"ಏನ್ರೀ ಇದು? ಚಟ್ನಿ ರುಬ್ಬೋಕೂ ಹೆಲ್ಮೆಟ್ ಕಡ್ಡಾಯ ಆಯ್ತಾ?" ಎಂದಳು ನೂತನಾ, ಕಾಫಿ ಒರೆಸುತ್ತಾ.

"ನಗಬೇಡಿ. ಇದರ ಹೆಸರು ನೋಟವಾಹಿನಿ! ಕೆಂಪು ನಿಮ್ಮ ತಲೆಗೆ, ನೀಲಿ ನನ್ನ ತಲೆಗೆ. ನಿಮ್ಮ ಕಣ್ಣಿಗೆ ಏನು ಕಾಣುತ್ತೋ ಅದು ನನಗೂ ಕಾಣುತ್ತೆ. ಆಮೇಲೆ ನೀವು 'ನಿಮಗೆ ಕಣ್ಣಿಲ್ವಾ' ಅಂತ ಕೇಳೋ ಹಾಗಿಲ್ಲ."

ಇವರಿಬ್ಬರ ಜಗಳ ಮೈಸೂರಿನ ಸರಸ್ವತಿಪುರಂನಲ್ಲಿ ಆ ಬೀದಿಗೆಲ್ಲ ಗೊತ್ತಿದ್ದದ್ದೇ. ಪ್ಲೈವುಡ್ ಅಂಗಡಿಯ ಮಹಡಿ ಮೇಲೆ ಅವರ ಸಾಫ್ಟ್‌ವೇರ್ ಕಂಪನಿ. ಆ್ಯಪ್ ಹೇಗೆ ಕಾಣಬೇಕು ಎಂದು ಚಿತ್ರ ಬರೆದುಕೊಡುವವಳು ಡಿಸೈನರ್ ನೂತನಾ. ಅದಕ್ಕೆ ಕೋಡ್ ಬರೆದು ಜೀವ ಕೊಡುವವನು ವಿರೂಪಾಕ್ಷ. ಕೋಡ್ ಬರೆಯುವುದರಲ್ಲಿ ಅಸಾಧ್ಯ ಬುದ್ಧಿವಂತ! ಆದರೆ ಬಣ್ಣ, ಅಳತೆ, ಅಂತರ ಎಂದರೆ ಆ ಮಹಾರಾಯನಿಗೆ ಎಲ್ಲ ಒಂದೇ. ಅವಳು ನಾಜೂಕಾಗಿ ಒಂದಿಷ್ಟು ಜಾಗ ಬಿಟ್ಟರೆ, ಅವನು ಅಲ್ಲಿ ಒತ್ತುವ ಗುಂಡಿ ಎರಡು ಕೂರಿಸಿರುತ್ತಿದ್ದ. ಯಾಕ್ರೀ ಎಂದರೆ, "ಖಾಲಿ ಬಿಟ್ಟರೆ ಯಾರಾದರೂ ಕಸ ಹಾಕ್ತಾರೆ ಕಣ್ರೀ!" ಎನ್ನುತ್ತಿದ್ದ.

ಅವತ್ತು ಮಾತ್ರ ನೂತನಾಳಿಗೆ ನಗುವ ಸ್ಥಿತಿ ಇರಲಿಲ್ಲ. ಮದುವೆ ಮನೆಗಳ ಅಡುಗೆ ಕಂಟ್ರಾಕ್ಟರ್ ಶೇಷಾಚಲ ಭಟ್ಟರಿಗೆ ಊಟದ ಆರ್ಡರ್ ತೆಗೆದುಕೊಳ್ಳುವ ಆ್ಯಪ್ ಬೇಕಿತ್ತು. ಈಗಾಗಲೇ ಎರಡು ಸಲ ನೋಡಿ, "ತಲೆ ತಿರುಗುತ್ತೆ ಕಣ್ರಪ್ಪ" ಎಂದು ಎದ್ದುಹೋಗಿದ್ದರು. ಮಧ್ಯಾಹ್ನ ಮತ್ತೆ ಬರುವವರಿದ್ದರು. ಬೆಳಿಗ್ಗೆಯೇ ಬಾಸ್ ಪಂಚಾಕ್ಷರಿ ಅವಳನ್ನು ಕರೆದು, "ನೋಡಮ್ಮ, ಭಟ್ಟರು ಈ ಸಲವೂ ಬೇಡ ಅಂದ್ರೆ ನಮಗೆ ಡಿಸೈನರ್ರೇ ಬೇಡ. ರೆಡಿಮೇಡ್ ಟೆಂಪ್ಲೇಟ್ ಹಾಕ್ಕೊಂಡ್ರಾಯ್ತು" ಎಂದುಬಿಟ್ಟಿದ್ದರು. ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸಿದ ಹಾಗಾಯಿತು! ಗುಂಡಿ ತುರುಕಿದವನು ಒಬ್ಬ, ಕೆಲಸ ಹೋಗುವುದು ಇನ್ನೊಬ್ಬಳದು.

ಬೇರೆ ಯಾರಾಗಿದ್ದರೂ ಆ ಹೆಲ್ಮೆಟ್ಟನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದರು. ನೂತನಾ ಎಸೆಯಲಿಲ್ಲ. ಹೋದ ತಿಂಗಳಿಂದ ಒಂದು ಕುತೂಹಲ ಅವಳನ್ನು ಕೊರೆಯುತ್ತಿತ್ತು. ಸಹೋದ್ಯೋಗಿಯೊಬ್ಬರ ಗೃಹಪ್ರವೇಶದ ಊಟದಲ್ಲಿ ಬಡಿಸುವವನೊಬ್ಬ ಅವಸರದಲ್ಲಿ ಉಪ್ಪಿನಕಾಯಿಯನ್ನು ಎಲೆಯ ನಡುವಿಗೆ ಹಾಕಿದ್ದ. ಪಕ್ಕದಲ್ಲಿದ್ದ ವಿರೂಪಾಕ್ಷ, "ಅಯ್ಯೋ ಎಲ್ಲಿ ಹಾಕಿದ್ರಿ ಸ್ವಾಮಿ!" ಎಂದು ಚೇಳು ಕಚ್ಚಿದವನಂತೆ ಎದ್ದು ನಿಂತಿದ್ದ. ಸ್ಕ್ರೀನಿನ ಮೇಲೆ ಗುಂಡಿ ಸೊಟ್ಟಗಿದ್ದರೆ ಕಾಣದ ಕಣ್ಣಿಗೆ ಇದು ಹೇಗೆ ಕಂಡಿತು? ಈ ಮನುಷ್ಯನ ತಲೆಯೊಳಗೆ ಏನಿದೆ?

"ಕೊಡಿ ಇತ್ಲಾಗೆ" ಎಂದು ಕೆಂಪು ಹೆಲ್ಮೆಟ್ ಹಾಕಿಕೊಂಡಳು.

ವಿರೂಪಾಕ್ಷ ನೀಲಿಯದನ್ನು ಧರಿಸಿ, ಮಿಕ್ಸಿಯನ್ನು ಒಂದನೇ ಸ್ಪೀಡಿಗೆ ತಿರುಗಿಸಿದ. ಗುರ್‌ರ್ ಎಂದಿತು. ಅವನು ತನ್ನ ಲ್ಯಾಪ್‌ಟಾಪ್ ಕಡೆ ನೋಡಿದವನೇ ಎರಡು ಹೆಜ್ಜೆ ಹಿಂದೆ ಜಿಗಿದ.

"ಅಯ್ಯಯ್ಯೋ! ಯಾರ್ರೀ ಇದನ್ನ ಮಾಡಿದ್ದು?"

"ನೀವೇ."

"ಹಸಿರಿನ ಮೇಲೆ ಕೆಂಪು ಅಕ್ಷರ! ಹಲ್ಲು ಜುಂ ಅಂತಿದೆ! ಈ ಗುಂಡಿಗಳು ಒಂದು ಸಾಲಿನಲ್ಲಿಲ್ಲ, ನನ್ನ ಕುತ್ತಿಗೆ ಹಿಡ್ಕೊಂಡಿತು! ಎಲ್ಲ ಅಕ್ಷರವೂ ದಪ್ಪ ದಪ್ಪ. ಎಲ್ಲರೂ ಒಟ್ಟಿಗೆ ಕಿರುಚಿದರೆ ನಾನು ಯಾರ ಮಾತು ಕೇಳಲಿ? ನೂತನಾ ಅವರೇ, ನೀವು ದಿನಾ ಇದನ್ನ ಹೇಗೆ ಸಹಿಸಿಕೊಂಡ್ರಿ?"

ನೂತನಾ ಕಣ್ಣರಳಿಸಿದಳು. ಇಷ್ಟು ವರ್ಷ ಬಾಯಿ ನೋಯುವಂತೆ ಹೇಳಿದ್ದನ್ನು ಅವನೇ ಹೇಳುತ್ತಿದ್ದಾನೆ! ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಿಕ್ಸಿಗೆ ಕೈ ಮುಗಿಯೋಣ ಎನ್ನಿಸಿತು.

ಆದರೆ ಹೊಸದಾಗಿ ಕಣ್ಣು ಬಂದವನು ಸುಮ್ಮನೆ ಕೂರುತ್ತಾನೆಯೇ? ವೈರು ಎಳೆದಷ್ಟು ದೂರ ಹೋಗಿ ಕುರ್ಚಿಗಳನ್ನೆಲ್ಲ ಸಾಲು ಮಾಡಿದ. ಗೋಡೆ ಗಡಿಯಾರವನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ. ಗಲಾಟೆ ಕೇಳಿ ಪಂಚಾಕ್ಷರಿ ಒಳಗೆ ಬಂದದ್ದೇ ತಪ್ಪಾಯಿತು. ಅವರ ಹಣೆಯ ತುಂಬ ವಿಭೂತಿಯ ಮೂರು ಪಟ್ಟೆ.

"ಸರ್, ಅಲ್ಲಾಡಬೇಡಿ! ನಡುವಿನ ಪಟ್ಟೆ ಮೇಲಿನದಕ್ಕೆ ಅಂಟಿಕೊಂಡಿದೆ!" ಎಂದು ಸ್ಕೇಲ್ ಹಿಡಿದು ಹಣೆಗೇ ಕೈ ಹಾಕಿದ. ಅಳೆದ, ಒರೆಸಿದ, ತಿದ್ದಿದ.

"ಏಯ್! ಶಿವ ಶಿವಾ! ಹುಚ್ಚೇನಯ್ಯಾ ನಿನಗೆ?" ಎಂದು ಪಂಚಾಕ್ಷರಿ ಮುಖ ಉಳಿಸಿಕೊಂಡು ಬಚ್ಚಲಿಗೆ ಓಡಿದರು.

ನೂತನಾ ನಗಬೇಕಿತ್ತು. ನಗು ಬರಲಿಲ್ಲ. ಅವಳು ಎದುರಿನ ಬಿಳಿ ಗೋಡೆಯನ್ನೇ ನೋಡುತ್ತಿದ್ದಳು. ಎಷ್ಟೊಂದು ಜಾಗ ದಂಡ! ಕೈ ಕೆರೆಯತೊಡಗಿತು. ತಾನೇ ಬರೆದ ಡಿಸೈನ್ ತೆರೆದು ನೋಡಿದಳು. ಎಂಥ ಬೋಳು ಬೋಳು! ಸರಸರನೆ ಗುಂಡಿ ಸೇರಿಸಲು ಶುರು ಮಾಡಿದಳು. 'ಹಿಂದಕ್ಕೆ' ಗುಂಡಿಯ ಪಕ್ಕ ಇನ್ನೊಂದು 'ಹಿಂದಕ್ಕೆ' ಇಟ್ಟಳು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು.

"ವಿರೂಪಾಕ್ಷ ಅವರೇ... ನಿಮ್ಮ ಯಂತ್ರ ನನ್ನ ತಲೆಗೆ ಏನು ಮಾಡಿದೆ?"

ಅವನು ಬಿಲ್ಲೆ ನೋಡಿ ನಾಲಿಗೆ ಕಚ್ಚಿಕೊಂಡ. "ನಿಮ್ಮ ನೋಟ ನನಗೆ ಬಂತಲ್ಲ, ಅಲ್ಲಿ ಜಾಗ ಖಾಲಿಯಾಗಿದೆ. ನನ್ನದು ಅಲ್ಲಿಗೆ ಹೋಗಿ ಕೂತಿದೆ ಅನ್ನಿಸುತ್ತೆ."

"ಯಂತ್ರದಲ್ಲೂ ಒಂದಿಷ್ಟು ಜಾಗ ಖಾಲಿ ಬಿಡೋಕೆ ಆಗಲಿಲ್ವೇನ್ರೀ ನಿಮಗೆ! ತೆಗೀರಿ ಇದನ್ನ!"

"ಮುಟ್ಟಬೇಡಿ! ಮುಳ್ಳು ನಡುವಿಗೆ ಬಂದ ಮೇಲೇ ತೆಗೀಬೇಕು. ಇಲ್ಲದಿದ್ರೆ ಜೀವನಪೂರ್ತಿ ಹೀಗೇ ಉಳಿದುಬಿಡ್ತೀವಿ!"

ಮುಳ್ಳು ನಡುವಿಗೆ ಬರುವುದೆಂದರೆ ಇಬ್ಬರಿಗೂ ಒಂದೇ ಸಲ ಒಂದೇ ಥರ ಕಾಣಬೇಕು. ಅದಾಗುವ ಹೋಗುವ ಮಾತೇ? ಈಗ ಜಗಳ ತಿರುವುಮುರುವಾಗಿ ನಡೆಯಿತು.

"ಆ ಗುಂಡಿ ತೆಗೀರಿ, ಉಸಿರು ಕಟ್ಟುತ್ತೆ!" ಎಂದು ಅವನು.

"ತೆಗೆದರೆ, ಅದನ್ನು ಹುಡುಕಿಕೊಂಡು ಬಂದೋರು ಏನು ಮಾಡಬೇಕು?" ಎಂದು ಅವಳು.

ಹಾಗೆಂದವಳು ತನ್ನ ಮಾತಿಗೆ ತಾನೇ ಬೆರಗಾದಳು. ಓಹೋ, ಇದಾ ಸಂಗತಿ! ಅವನಿಗೆ ಕಾಣುತ್ತಿದ್ದದ್ದು ಗುಂಡಿಯಲ್ಲ. ಗುಂಡಿ ಸಿಗದೆ ಒದ್ದಾಡುವ ಗಿರಾಕಿ. ಖಾಲಿ ಜಾಗ ಕಂಡಲ್ಲೆಲ್ಲ ಯಾರೋ ದಾರಿ ತಪ್ಪಿ ನಿಂತ ಹಾಗೆ ಅವನಿಗೆ ದಿಗಿಲು. ಅಯ್ಯೋ ಪಾಪ, ಇಷ್ಟು ದಿನ ಇವನನ್ನು ಬರೀ ದಡ್ಡ ಅಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಮರುಕವೇ ಬಂತು.

ಮರುಕ ಬಂದರೂ ಮುಳ್ಳು ಕದಲಲಿಲ್ಲ. ಅವಳು ಸೇರಿಸಿದ್ದನ್ನು ಅವನು ಅಳಿಸಿ, ಅವನು ಅಳಿಸಿದ್ದನ್ನು ಅವಳು ಸೇರಿಸಿ, ಊಟದ ಹೊತ್ತಿಗೆ ಆ್ಯಪ್ ಒಮ್ಮೆ ಸಂತೆಯ ಹಾಗೆ, ಒಮ್ಮೆ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಭಟ್ಟರ ದನಿ ಕೇಳಿತು!

ಭಟ್ಟರು ಬರಿಗೈಯಲ್ಲಿ ಬಂದಿರಲಿಲ್ಲ. ಕ್ಯಾರಿಯರುಗಳು, ಬಾಳೆಲೆಯ ಕಟ್ಟು, ಎಲ್ಲ ಬಂದಿದ್ದವು. "ಹಸಿದ ಹೊಟ್ಟೆಯಲ್ಲಿ ನಾನು ಏನನ್ನೂ ನೋಡೋನಲ್ಲ. ಮೊದಲು ಊಟ" ಎಂದವರು ಇವರಿಬ್ಬರ ತಲೆ ನೋಡಿ, "ಊಟಕ್ಕೂ ಹೆಲ್ಮೆಟ್ಟೇ? ನನ್ನ ಅಡುಗೆ ಅಷ್ಟೊಂದು ಅಪಾಯ ಅಲ್ಲ ಕಣ್ರಪ್ಪ!" ಎಂದರು.

ಉದ್ದ ಮೇಜಿನ ಮೇಲೆ, ಮಿಕ್ಸಿಯ ಪಕ್ಕದಲ್ಲೇ, ಎಲೆ ಹಾಸಿದ್ದಾಯಿತು. ತಿದ್ದಿಸಿಕೊಂಡ ಹಣೆಯ ಪಂಚಾಕ್ಷರಿ, ಗಿರಾಕಿಯನ್ನು ಒಲಿಸಿಕೊಳ್ಳುವ ಉತ್ಸಾಹದಲ್ಲಿ ತಾವೇ ಬಡಿಸಲು ನಿಂತರು. ಉಪ್ಪು, ಉಪ್ಪಿನಕಾಯಿ, ಪಲ್ಯ ಬಡಿಸಿ ಮುಗಿದ ಮೇಲೆ ಒಂದು ಸೌಟು ಕೋಸಂಬರಿ ತೆಗೆದು ನೂತನಾಳ ಎಲೆಯ ನಟ್ಟನಡುವೆ ಹಾಕಲು ಹೋದರು.

"ಅಲ್ಲಲ್ಲ ಸರ್! ಅಲ್ಲಿ ಅನ್ನ ಬರುತ್ತೆ!"

ಕೂಗಿದ್ದು ಒಬ್ಬರಲ್ಲ, ಇಬ್ಬರು. ಒಂದೇ ಮಾತು, ಒಂದೇ ಉಸಿರಿಗೆ! ಮಿಕ್ಸಿ ಟಿಣ್ ಎಂದಿತು. ಮುಳ್ಳು ನಡುವಿನಲ್ಲಿ ಅಲ್ಲಾಡದೆ ನಿಂತಿತ್ತು.

ನೂತನಾ ಹೆಲ್ಮೆಟ್ ತೆಗೆದು ಎಲೆಯನ್ನೇ ನೋಡಿದಳು. ಮೂಲೆಯಲ್ಲಿ ಚಿಟಿಕೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಪಲ್ಯ. ಎಲ್ಲ ಮೇಲಿನ ಸಾಲಿನಲ್ಲಿ, ನೋಡದೆ ಕೈಚಾಚಿದರೂ ಸಿಗುವ ಹಾಗೆ. ಯಾವುದನ್ನೂ ಕೈಬಿಟ್ಟಿಲ್ಲ, ಆದರೂ ಗಿಜಿಗಿಜಿ ಇಲ್ಲ.

"ವಿರೂಪಾಕ್ಷ ಅವರೇ, ಎಲೆ ನಡುವೆ ಇಷ್ಟು ಜಾಗ ದಂಡ ಆಯ್ತಲ್ಲ?" ಎಂದಳು ಮೆಲ್ಲಗೆ.

"ಛೆ ಛೆ, ದಂಡ ಹೇಗಾಗುತ್ತೆ? ಅದು ಅನ್ನಕ್ಕೆ..." ಎಂದವನು ಬಾಯಿ ತೆರೆದುಕೊಂಡೇ ಕೂತ.

"ನಾನು ಬಿಡುತ್ತಿದ್ದದ್ದೂ ಅನ್ನಕ್ಕೇ ಕಣ್ರೀ."

ಊಟವಾಗಿ ಭಟ್ಟರು ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಆ್ಯಪ್ ಹೊಸದಾಗಿ ಕೂತಿತ್ತು. ಚಿಕ್ಕಪುಟ್ಟದ್ದೆಲ್ಲ ಮೇಲೆ ಸಾಲಾಗಿ, ನಡುವೆ ಧಾರಾಳ ಜಾಗ, ಅಲ್ಲಿ 'ಊಟಕ್ಕೆ ಹೇಳಿ' ಎಂಬ ಒಂದೇ ದೊಡ್ಡ ಗುಂಡಿ. ಅದನ್ನು ಭಟ್ಟರ ಫೋನಿಗೇ ಹಾಕಿಕೊಟ್ಟರು. ನೂತನಾ ಅವರ ಬೆರಳನ್ನೇ ನೋಡುತ್ತಿದ್ದಳು. ಭಟ್ಟರು ಕನ್ನಡಕ ಹುಡುಕಲು ಜೇಬಿಗೆ ಕೈ ಹಾಕಿದವರು, ಹುಡುಕದೆಯೇ ಹೆಬ್ಬೆರಳು ಒತ್ತಿದರು.

"ಅರೆ! ಇದನ್ನ ಮೊದಲೇ ತೋರಿಸೋದಲ್ವೇನ್ರಪ್ಪ? ಇದೇ ಇರಲಿ" ಎಂದರು.

"ನೂತನಮ್ಮ, ಟೆಂಪ್ಲೇಟ್ ಮಾತು ನಾನು ಆಡೇ ಇಲ್ಲ, ಆಯ್ತಾ?" ಎಂದರು ಪಂಚಾಕ್ಷರಿ.

ಈ ಸಂಭ್ರಮದಲ್ಲಿ ಒಂದು ಎಡವಟ್ಟಾಗಿತ್ತು. ವಿರೂಪಾಕ್ಷ ತನ್ನ ಹೆಲ್ಮೆಟ್ ತೆಗೆಯುವುದನ್ನೇ ಮರೆತಿದ್ದ! ಕೆಂಪು ಕಡೆ ತಲೆಯೇ ಇಲ್ಲದೆ, ಮಿಕ್ಸಿ ಕೊನೆಯಲ್ಲಿ ಕಂಡ ಬಾಳೆಲೆಯನ್ನೇ ಗುರ್‌ರ್ ಎಂದು ಅವನ ತಲೆಗೆ ರುಬ್ಬಿ ತುಂಬುತ್ತಿತ್ತು. ಅವನು ತನ್ನ ಲ್ಯಾಪ್‌ಟಾಪ್ ಮುಂದೆ ಭಕ್ತಿಯಿಂದ ಕೂತ. ಲೋಟದ ನೀರು ಕೈಗೆ ಸುರಿದುಕೊಂಡು, ಊಟಕ್ಕೆ ಮುಂಚೆ ಎಲೆಯ ಸುತ್ತ ಕಟ್ಟುವಂತೆ, ಅದರ ಸುತ್ತ ಕಟ್ಟಿದ.

"ಏಯ್ ಏಯ್, ನೀರು!" ಎಂದು ಪಂಚಾಕ್ಷರಿ ಕೂಗುವಷ್ಟರಲ್ಲಿ ಲ್ಯಾಪ್‌ಟಾಪ್ ಚಟ್ ಎಂದಿತು. ವಿರೂಪಾಕ್ಷ ಢರ್ರನೆ ತೇಗಿ, ಅದನ್ನು ತನ್ನ ಕಡೆಗೆ ಮಡಚಿ, ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಬಳಿ ಹೋಗಿ, ಕೆಳಗೆ ಎಂಜಲೆಲೆಗೆ ಕಾದು ನಿಂತಿದ್ದ ಹಸುವಿನ ಮುಂದೆ ಬೀಳಿಸಿದ!

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಹಸು ಲ್ಯಾಪ್‌ಟಾಪನ್ನು ಮೂಸಿತು, ಮೂತಿಯಿಂದ ಒಮ್ಮೆ ಮಗುಚಿತು, ತಲೆ ಕೊಡವಿ ಹೊರಟುಹೋಯಿತು.

"ಅದರಲ್ಲಿ ಯಾವ ಡಿಸೈನ್ ಇತ್ತಮ್ಮಾ?" ಪಂಚಾಕ್ಷರಿ ಕೇಳಿದರು.

"ವಿರೂಪಾಕ್ಷ ಅವರ ಹಳೇದು ಸರ್."

"ಹಸುವಿಗೂ ಗೊತ್ತಾಯ್ತು ನೋಡು."

ಮಾರನೆಯ ಬೆಳಿಗ್ಗೆ ವಿರೂಪಾಕ್ಷ ಬರಿತಲೆಯಲ್ಲಿ ಬಂದ. ಮಿಕ್ಸಿಯನ್ನು ಮನೆಯವರು ಚಟ್ನಿಗೆ ವಾಪಸು ಕಿತ್ತುಕೊಂಡಿದ್ದರು. ನೂತನಾಳ ಮೇಜಿನ ಬಳಿ ನಿಂತು, "ನೂತನಾ ಅವರೇ, ಈ ಪುಟದಲ್ಲಿ ಎಷ್ಟು ಜಾಗ ಬಿಡಲಿ?" ಎಂದ.

ಅವನು ಹೀಗೆ ಕೇಳಿದ್ದು ಇದೇ ಮೊದಲು. ಅವಳು ಸಂತೋಷ ಮುಖದಲ್ಲಿ ಕಾಣದ ಹಾಗೆ ಕಾಫಿ ಲೋಟ ಎತ್ತಿಕೊಂಡಳು.

"ಅನ್ನಕ್ಕಾಗೋಷ್ಟು."

"ಸಾರಿಗೂ ಸೇರಿಸಿ ತಾನೇ?"

"ಸೇರಿಸಿಯೇ. ನೀವು ಬಡಿಸಿದ್ದು ಹರಿಯುತ್ತೆ ಅಂತ ನನಗೆ ಗೊತ್ತಿಲ್ವಾ?"