ವಸ್ತ್ರದ ಕೆಳಗಿನ ವಿಷಯ

ನಮ್ಮ ಕಡೆ ಹುಟ್ಟಿದ ಕೂಸಿಗೆ ಹೆಸರಿಡಲು ಹದಿಮೂರು ದಿನ ಸಾಕು. ಎಂ.ಎ. ಕೊನೆಯ ವರ್ಷದ ಪ್ರಬಂಧಕ್ಕೆ ಒಂದು ವಿಷಯ ಗೊತ್ತುಮಾಡಲು ಆರು ತಿಂಗಳು ಸಾಲುವುದಿಲ್ಲ. ಪ್ರತಿ ವರ್ಷವೂ ಹೀಗೇ ಆಗುತ್ತದೆ. ಪ್ರತಿ ವರ್ಷವೂ ನಾನು ಯಾವುದೋ ಬಸ್‌ಸ್ಟ್ಯಾಂಡಿನಲ್ಲಿ, ಕೂರಲಾಗದೆ, ಅತ್ತಿಂದಿತ್ತ ತಿರುಗುತ್ತಿರುತ್ತೇನೆ.

ನಾನು ಕನ್ನಡ ಪಾಠ ಹೇಳುವವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ವಿದ್ಯಾರ್ಥಿಗಳ ನೂರು ಪುಟದ ಪ್ರಬಂಧಗಳಿಗೆ ಮಾರ್ಗದರ್ಶಕ. ಮನೆ ಬಾಗೇವಾಡಿಯಲ್ಲಿ, ಬದುಕು ಬಸ್ಸಿನಲ್ಲಿ. ಈ ಸಲ ವಿಷಯಗಳ ಯಾದಿ ಶನಿವಾರ ಸಮಿತಿಯ ಮುಂದೆ ಹೋಗಬೇಕಿತ್ತು. ಮಂಗಳವಾರ ನೋಡಿದರೆ ಒಂದು ಸಾಲು ಖಾಲಿ. ಆಲಮೇಲದಿಂದ ಸಿಂದಗಿಗೆ ಪಾಠಕ್ಕೆ ಬರುವ ಹುಡುಗಿಯೊಬ್ಬಳದು. ಹೋದ ವರ್ಷ ಮನೆಯ ಅಡಚಣೆಯಿಂದ ಅವಳ ಅವಕಾಶ ತಪ್ಪಿತ್ತು. ಈ ಶನಿವಾರವೂ ವಿಷಯ ಒಪ್ಪಿಗೆಯಾಗದಿದ್ದರೆ ಹೆಸರನ್ನೇ ತೆಗೆದುಹಾಕುತ್ತಾರೆ. ಮೂರನೆಯ ಸಲ ಅಂತ ಇಲ್ಲ.

ಝೆರಾಕ್ಸ್ ಅಂಗಡಿ

ಮಂಗಳವಾರ ಇಂಡಿ. ಬಿಸಿಲಿಗೆ ತಡೆಯಲಾರದೆ ಒಂದು ಓಣಿಯ ಝೆರಾಕ್ಸ್ ಅಂಗಡಿಯಲ್ಲಿ ನಿಂತೆ. ಮಾಲೀಕ ನನ್ನ ನರೆತ ತಲೆಗೂದಲು ನೋಡಿ, ವಯಸ್ಸಾದ ಮೇಲೆ ಓದಲು ಹೊರಟವನೆಂದು ತಿಳಿದ.

"ಪ್ರಬಂಧ ಬೇಕೇನ್ರಿ? ಜಾನಪದ ಐತಿ, ಕಾದಂಬರಿ ಐತಿ."

"ಯಾವುದು ಚಲೋ?"

"ಜಾನಪದ ಒಯ್ಯಿರಿ. ಮೂರು ವರ್ಷದಿಂದ ಓಡಾಕತ್ತೈತಿ, ಒಬ್ಬರೂ ಫೇಲ್ ಆಗಿಲ್ಲ. ಆ ಮಾಸ್ತರು ಮೊದಲನೇ ಹಾಳಿ, ಕಡೀ ಹಾಳಿ ಅಷ್ಟ ನೋಡ್ತಾರಂತ."

ಆ ಮಾಸ್ತರ ನಾನೇ. ನೆರಳಿಗೆ ನಿಂತದ್ದಕ್ಕೆ ಒಂದು ಪೆನ್ನು ಕೊಂಡು ಹೊರಬಿದ್ದೆ.

ಆದರೆ ಅವತ್ತು ತರಗತಿಯಲ್ಲಿ ಎಲ್ಲ ಹಾಳೆಗಳನ್ನೂ ನೋಡಿದೆ. ಒಬ್ಬ ಹುಡುಗ ವಿಷಯ ಆರಿಸಿದ್ದಷ್ಟೇ ಅಲ್ಲ, ಇಡೀ ಪ್ರಬಂಧವನ್ನೇ ಮುಗಿಸಿಕೊಂಡು ಬಂದಿದ್ದ. ಕೃತಜ್ಞತೆಯ ಪುಟದಲ್ಲಿ, 'ನನ್ನ ಹೆರಿಗೆಯ ದಿನಗಳಲ್ಲಿ ಕೂಸನ್ನು ನೋಡಿಕೊಂಡು ಬರವಣಿಗೆಗೆ ಅನುವು ಮಾಡಿಕೊಟ್ಟ ಅತ್ತೆಯವರಿಗೆ' ಅಂತ ಇತ್ತು.

"ಇದು ಯಾರ ಹೆರಿಗಿನಪಾ?" ಎಂದೆ.

ಹುಡುಗ ಪುಟವನ್ನು ತಿರುವಿ ನೋಡಿದ. ಆಮೇಲೆ ವಿನಯದಿಂದ ಹೇಳಿದ: "ಅಂಗಡ್ಯಾಗ ಕೇಳಿ ಹೇಳ್ತೇನ್ರಿ ಸರ್."

ಹಿಟ್ಟು

ಬುಧವಾರ ಸಿಂದಗಿ. ಆಲಮೇಲದ ಹುಡುಗಿ ಮೊದಲ ಬೆಂಚಿನಲ್ಲೇ ಕೂತಿದ್ದಳು. ಅಂಗಡಿಯ ಪ್ರಬಂಧ ಕೊಳ್ಳದ ಕೆಲವರಲ್ಲಿ ಒಬ್ಬಳು. ಅದಕ್ಕೇ ಅವಳಿಗಿನ್ನೂ ವಿಷಯವಿರಲಿಲ್ಲ.

ಹಿಂದಿನ ವಾರ ಅವಳೇ ಒಂದು ವಿಷಯ ತಂದಿದ್ದಳು: ಬೀಸುವ ಕಲ್ಲಿನ ಹಾಡುಗಳು. ನಾನೂ ಹೂಂ ಅಂದಿದ್ದೆ. ಒಳ್ಳೆಯ ವಿಷಯ, ಹಳೆಯದಾದರೂ.

"ಏನಾಯ್ತು?" ಎಂದೆ.

"ನಮ್ಮ ಓಣ್ಯಾಗ ನಾಕು ಮಂದಿ ಮುದುಕ್ಯಾರು ಅದಾರ್ರಿ. ಹಾಡ ಹೇಳ್ರಿ ಅಂದ್ರ, ಕಲ್ಲಿಲ್ಲದ ಹ್ಯಾಂಗ ಹಾಡೂದು ಅಂದ್ರು. ಮಾಳಗಿ ಮೂಲ್ಯಾಗ ಬಿದ್ದಿದ್ದ ಕಲ್ಲು ತಗದು, ತೊಳದು ಇಟ್ಟೆ. ಕಾಳಿಲ್ಲದ ಕಲ್ಲು ತಿರುವಬಾರದು ಅಂದ್ರು. ಜ್ವಾಳ ತಂದೆ. ನಮ್ಮ ರಟ್ಟ್ಯಾಗ ಶಕ್ತಿ ಇಲ್ಲವ್ವಾ, ನೀ ಬೀಸು, ನಾವು ಹಾಡ್ತೇವಿ ಅಂದ್ರು."

"ಆಮೇಲೆ?"

"ಒಬ್ಬಾಕಿ, ಕೂಡೂದು ಹಿಂಗಲ್ಲ, ಕಾಲು ಚಾಚು ಅಂದ್ಲು. ಇನ್ನೊಬ್ಬಾಕಿ, ಹಿಟ್ಟು ಉರುಟಾತು, ಮತ್ತೊಮ್ಮಿ ಹಾಕು ಅಂದ್ಲು. ಮೂರನೇದಾಕಿ ಸೊಸಿ ಸುದ್ದಿ ತಗದ್ಲು. ನಾಕನೇದಾಕಿ, ನಮ್ಮ ಮನಿ ಜ್ವಾಳಾನೂ ಎರಡು ಸೇರು ಐತಿ, ತರಲೇನು ಅಂದ್ಲು."

ಅವಳ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು.

"ಹಾಡು ಎಷ್ಟು ಸಿಕ್ಕವು?"

"ಹಿಟ್ಟು ಆತ್ರಿ ಸರ್. ಹಾಡು ಆಗಲಿಲ್ಲ."

ಎಲ್ಲರ ವಿಷಯ

ಗುರುವಾರ ಮುದ್ದೇಬಿಹಾಳದ ಬಸ್ಸಿನಲ್ಲಿದ್ದಾಗ ಅವಳ ಫೋನು ಬಂತು. ಇಂಜಿನ್ನಿನ ಸದ್ದಿಗೆ ನಾನೂ ದನಿ ಏರಿಸಬೇಕಾಯಿತು. "ಇನ್ನೂ ಎರಡು ದಿನ ಇದೆ. ಸುತ್ತಮುತ್ತ ನೋಡು, ಏನಾದರೂ ವಿಷಯ ಸಿಗುತ್ತದೆ," ಎಂದೆ. ಫೋನು ಇಡುವುದರೊಳಗೆ ಬಸ್ಸು ಪೂರ್ತಿ ಆ ಕೆಲಸಕ್ಕೆ ನಿಂತಿತ್ತು.

ಪಕ್ಕದಲ್ಲಿ ಕೂತಿದ್ದ ರೈತ, "ಏನ್ ಬರಿಬೇಕಾಗೈತ್ರಿ?" ಎಂದ. ಹೇಳಿದೆ.

"ಕಾಲುವಿ ನೀರಿನ ಜಗಳ ಬರೀ ಅನ್ರಿ. ನಾ ಹೇಳ್ತೇನಿ, ಅಕಿ ಬರಕೊಳ್ಳಿ."

ಹಿಂದಿನ ಸೀಟಿನ ಬುಟ್ಟಿಯ ಹೆಂಗಸು, "ಅದೇನು ಮಹಾ. ಅತ್ತಿ ಸೊಸಿ ಜಗಳ ಬರೀ ಅನ್ನು," ಎಂದಳು.

"ನೂರು ಪುಟ ಬರೀಬೇಕವ್ವ," ಎಂದೆ.

"ಅದು ಮುಂಜಾನಿ ಜಗಳಕ್ಕ ಅಷ್ಟ ಸಾಕಾಗತೈತಿ. ಸಂಜೀದು ಎಲ್ಲಿ ಬರೀತಾಳ?"

ಮುಂದಿನ ಸೀಟಿನ ನಿವೃತ್ತ ತಲಾಠಿ ತಿರುಗಿ ಕೂತು ಹೊಲದ ಉತಾರ-ಪಹಣಿಗಳ ಇತಿಹಾಸ ಶುರುಮಾಡಿದರು. ಕಂಡಕ್ಟರ್ ಬಂದು ನಿಂತು ಎಲ್ಲವನ್ನೂ ಕೇಳಿದ.

"ಎಲ್ಲಾರೂ ವಿಷಯ ಹೇಳಿದ್ರಿ. ಎಲ್ಲಿಗೆ ಹೊಂಟೀರಿ ಅಂತ ಒಬ್ಬರೂ ಹೇಳವಲ್ರಿ," ಎಂದು ಟಿಕೆಟ್ ಹರಿದ. ನನ್ನ ಹತ್ತಿರ ಬಂದಾಗ ಅವನಿಗೂ ಕುತೂಹಲ. "ಮತ್ತ ನಿಮ್ಮದು ಯಾವ ವಿಷಯಾರಿ ಸರ್? ಡಾಕ್ಟರೇಟ್ ಮಾಡಿರಬೇಕಲ್ಲ?"

ಇಡೀ ಬಸ್ಸು ನನ್ನ ಕಡೆ ನೋಡಿತು.

ನಾನು ಬಹಳ ಓದಿದವನು. ಒಂದು ವಿಷಯ ಗಟ್ಟಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು ಪುಸ್ತಕ ಕೈಗೆ ಬರುತ್ತಿತ್ತು, ಮೊದಲಿನದು ಸಣ್ಣದಾಗಿ ಕಾಣುತ್ತಿತ್ತು. ಹೀಗೇ ವರ್ಷಗಳು ಹೋದವು. ನನ್ನ ನೋಂದಣಿ ರದ್ದಾದ ಪತ್ರ ಈಗಲೂ ಮನೆಯಲ್ಲಿದೆ. ಅದನ್ನು ಪುಸ್ತಕದಲ್ಲಿ ಓದಿದ ಪುಟದ ಗುರುತಿಗೆ ಇಟ್ಟುಕೊಂಡಿದ್ದೇನೆ.

ಇದನ್ನೆಲ್ಲ ಬಸ್ಸಿನಲ್ಲಿ ಹೇಳುವುದು ಹೇಗೆ. ನಿಡಗುಂದಿ ಬಂತು. "ನಂದು ಇಲ್ಲೇ," ಎಂದು ಇಳಿದುಬಿಟ್ಟೆ. ಮುದ್ದೇಬಿಹಾಳದ ಟಿಕೆಟ್ ಕೈಯಲ್ಲಿತ್ತು. ಮುಂದಿನ ಬಸ್ಸಿಗೆ ಒಂದು ತಾಸು ಕಾದೆ. ತರಗತಿಗೆ ತಡವಾಗಿ ಹೋಗಿ, ವಿಷಯ ಬೇಗ ಆರಿಸಿಕೊಳ್ಳುವುದರ ಮಹತ್ವ ಹೇಳಿದೆ.

ಮನೆಯ ಕಸಬು

ಶುಕ್ರವಾರ ಆ ಹುಡುಗಿಯ ಅಜ್ಜ ನನ್ನನ್ನು ನೋಡಬೇಕೆಂದರು. ಸಿಂದಗಿಯಿಂದ ಆಲಮೇಲಕ್ಕೆ ಬಸ್ಸು, ಎರಡೂ ಕಡೆ ಕಬ್ಬು. ಅಜ್ಜ ಜುಮ್ಮಾ ನಮಾಜ್ ಮುಗಿಸಿ ಬಂದು ಕಟ್ಟೆಯ ಮೇಲೆ ಕೂತಿದ್ದರು. ದನದ ಸಂತೆಯ ದಲ್ಲಾಳಿ. ಕೊಳ್ಳುವವ, ಮಾರುವವ, ಇಬ್ಬರ ನಡುವೆ ನಿಂತು ವ್ಯಾಪಾರ ಮುಗಿಸಿಕೊಡುವುದು ಐವತ್ತು ವರ್ಷದ ಕಸಬು. ಪಕ್ಕದಲ್ಲಿ ಒಂದು ಬಿಳಿ ಎತ್ತು ಕಟ್ಟಿತ್ತು. ಹೋದ ಸಂತೆಯಲ್ಲಿ ಯಾರೂ ಒಯ್ಯದೆ ಹಿಂದಿರುಗಿ ಬಂದದ್ದು.

"ಬರ್ರಿ ಮಾಸ್ತರ. ಹ್ವಾದ ವರ್ಷ ನನ್ನ ಮಣಕಾಲು ಆಪರೇಷನ್ ಆತು. ಈ ಹುಡುಗಿ ದವಾಖಾನ್ಯಾಗ ನನ್ನ ಕಾಲು ಹಿಡಕೊಂಡು ಕುಂತ್ಲು. ನನ್ನ ಕಾಲು ನೆಟ್ಟಗಾತು, ಅಕಿ ವರ್ಷ ಹೋತು. ಈ ವರ್ಷ ಹೋಗಬಾರದು."

"ವಿಷಯ ಸಿಗಬೇಕಲ್ಲ," ಎಂದೆ.

ಅಷ್ಟರಲ್ಲಿ ಒಬ್ಬ ಬಂದು ಎತ್ತಿನ ಸುತ್ತ ಒಂದು ಸುತ್ತು ಹಾಕಿ, ಹಲ್ಲು ನೋಡಿ, ಅಜ್ಜನ ಪಕ್ಕ ಕೂತ. ಅಜ್ಜ ಹೆಗಲ ಮೇಲಿನ ವಸ್ತ್ರವನ್ನು ಕೈಗೆ ಹಾಸಿದರು. ಅವನ ಕೈ ಕೆಳಗೆ ಹೋಯಿತು. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಕೂತರು. ವಸ್ತ್ರ ಮಾತ್ರ ಮೆಲ್ಲಗೆ ಅಲುಗುತ್ತಿತ್ತು. ಬೆರಳು ಹಿಡಿದಷ್ಟು ಬೆಲೆ. ಅಂಗೈ ಒತ್ತಿದರೆ ಒಪ್ಪಿಗೆ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಅವನು ಕೈ ಎಳೆದುಕೊಂಡು, ಒಂದು ಮಾತಿಲ್ಲದೆ, ಎದ್ದು ಹೋದ.

"ಏನಂದರು?" ಎಂದೆ.

"ಬಾಯಿಲೆ ಅನ್ನೂವಂಥಾದ್ದಲ್ಲ," ಎಂದರು ಅಜ್ಜ.

ನಾನು ಹುಡುಗಿಯ ಕಡೆ ತಿರುಗಿದೆ. "ಇದೇ ನಿನ್ನ ವಿಷಯ."

"ಇದ್ಯಾವ ವಿಷಯಾರಿ ಸರ್? ಇದು ನಮ್ಮ ಮನಿ ಕಸಬು." ಅವಳಿಗೆ ನಾನು ಚೇಷ್ಟೆ ಮಾಡಿದಂತೆ ಅನಿಸಿತು.

ಅಜ್ಜನಿಗೂ ಹಿಡಿಸಲಿಲ್ಲ. "ಬರದು ಇಟ್ಟ ಮ್ಯಾಲ ವಸ್ತ್ರ ಯಾಕ ಬೇಕ್ರಿ ಮಾಸ್ತರ? ಇಂಡಿ ಲಿಂಬಿಕಾಯಿ ಸವಾಲಿನಂಗ ಎಲ್ಲಾರ ಮುಂದ ರೇಟು ಒದರಿದ್ರ ಆತು."

ಮೊಮ್ಮಗಳು ಚಹಾದ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಅವಳ ಕೈಯ ಗುಳ್ಳೆ ಅಜ್ಜ ಆಗ ನೋಡಿದರೆಂದು ಕಾಣುತ್ತದೆ. ಎತ್ತಿನ ಹಗ್ಗ ಬಿಗಿದು, ನನ್ನ ಕಡೆ ತಿರುಗಿದರು.

"ರೀತಿ ಬರೀಲಿ. ಯಾರು ಏನ್ ಹಿಡದ್ರು ಅನ್ನೂದು ಬರಿಬಾರದು."

"ಆಗಲಿ."

"ನಾಳಿ ನಾನೂ ಬರ್ತೇನಿ. ನಿಮ್ಮ ಸಮಿತಿ ಹಲ್ಲು ಎಷ್ಟವ ನೋಡ್ಬೇಕು."

ಸಮಿತಿ

ಶನಿವಾರ ಬಾಗೇವಾಡಿ. ಸಮಿತಿಯಲ್ಲಿ ಮೂವರು. ಇಬ್ಬರು ನಮ್ಮ ಕಡೆಯವರೇ. ಅಧ್ಯಕ್ಷರು ಮೈಸೂರು ಸೀಮೆಯವರು, ಮೆತ್ತಗೆ ಮಾತಾಡುವ ಮನುಷ್ಯ. ನಾನು ಬಾಗಿಲ ಹತ್ತಿರ ನಿಂತೆ, ಕಿಟಕಿಯ ಹತ್ತಿರ ಹೋದೆ, ಮತ್ತೆ ಬಾಗಿಲಿಗೆ ಬಂದೆ. ಹುಡುಗಿ ಕೂತಲ್ಲೇ ಅಲ್ಲಾಡದೆ ಕೂತಿದ್ದಳು.

ಅವಳ ಸರದಿ ಬಂತು. ಅಧ್ಯಕ್ಷರು ಹಾಳೆ ಓದಿದರು. "ದನದ ಸಂತೆಯ ಕೈಸನ್ನೆ. ಚೆನ್ನಾಗಿದೆಯಮ್ಮ. ಆದರೆ ಆಕರಗಳು ಎಲ್ಲಿ?"

"ಹೊರಗ ಕುಂತಾರ್ರಿ," ಎಂದಳು.

ಅಜ್ಜ ಒಳಗೆ ಬಂದು, ಕುರ್ಚಿಯ ಅಂಚಿಗೆ ಕೂತರು.

"ಪುಸ್ತಕ, ದಾಖಲೆ ಏನಾದರೂ ಇದೆಯಾ ಅಂತ ಕೇಳಿದ್ದು," ಎಂದರು ಅಧ್ಯಕ್ಷರು. "ಬರಹದಲ್ಲಿ ಏನೂ ಇಲ್ಲದ ವಿಷಯವನ್ನು ಒಪ್ಪೋದು ಕಷ್ಟ. ಮುಂದಿನ ವರ್ಷ ಬೇಕಾದರೆ..."

"ಅಕಿಗೆ ಮುಂದಿನ ವರ್ಷ ಇಲ್ಲರಿ," ಎಂದರು ಅಜ್ಜ. "ಕೈ ಕೊಡ್ರಿ ಇಲ್ಲೆ."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡಿದೆ. ಸೌಜನ್ಯದ ಮನುಷ್ಯ, ಕೈ ಚಾಚಿದರು. ಅಜ್ಜ ವಸ್ತ್ರ ಹಾಸಿದರು.

ಅಧ್ಯಕ್ಷರು ಮೊದಲು ನಕ್ಕರು, ಕಚಗುಳಿ ಇಟ್ಟವರ ಹಾಗೆ. ಆಮೇಲೆ ಹುಬ್ಬು ಗಂಟಾಯಿತು. ಕೈ ಎಳೆದುಕೊಳ್ಳಲು ನೋಡಿದರು, ಆಗಲಿಲ್ಲ. ತಾವೂ ಏನೋ ಒಂದು ಬೆರಳು ಹಿಡಿದರು. ಅಜ್ಜ ಬೇಡವೆನ್ನುವಂತೆ ತಲೆ ಅಲ್ಲಾಡಿಸಿದರು. ಅಧ್ಯಕ್ಷರು ಇನ್ನೊಂದು ಬೆರಳು ಹಿಡಿದರು. ಅವರ ಮುಖದಲ್ಲಿ ಒಂದು ಹಟ ಬಂತು. ಕೊನೆಗೆ, ಸಾಕಾಗಿ ಇರಬೇಕು, ಅಂಗೈ ಒತ್ತಿಬಿಟ್ಟರು.

ಅಜ್ಜ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡರು. "ಮುಗೀತ್ರಿ. ಸಾಹೇಬರು ಒಪ್ಯಾರ."

"ನಾನು ಏನೂ ಹೇಳಲೇ ಇಲ್ಲವಲ್ಲ."

"ಬಾಯಿಲೆ ಹೇಳಲಿಲ್ಲರಿ. ಕೈಲೆ ಹೇಳಿದ್ರಿ. ಅಂಗೈ ಒತ್ತಿದವರು ಮಾತಿಗೆ ತಪ್ಪಿದ್ದು ನಮ್ಮ ಸಂತ್ಯಾಗ ಇಲ್ಲ."

"ಯಾವುದಕ್ಕೆ ಒಪ್ಪಿದೆ ನಾನು? ವಿಷಯಕ್ಕಾ?"

"ಇಷ್ಟು ಮಂದಿ ಮುಂದ ಹ್ಯಾಂಗ ಹೇಳ್ಲಿರಿ? ನಿಮ್ಮ ಮರ್ಯಾದಿ ಐತಿ."

ಉಳಿದ ಇಬ್ಬರು ಸದಸ್ಯರು ಅಧ್ಯಕ್ಷರನ್ನು ಹೊಸಬರನ್ನು ನೋಡುವಂತೆ ನೋಡತೊಡಗಿದರು. ಅವರಲ್ಲೊಬ್ಬರು, ಸಂತೆ ಬಲ್ಲವರು, "ಸರ್, ಒತ್ತಿದ್ರೇನ್ರಿ ಖರೇನ?" ಎಂದು ಮೆಲ್ಲಗೆ ಕೇಳಿದರು. ಅಧ್ಯಕ್ಷರು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, ತಮಗೆ ಎಲ್ಲ ಗೊತ್ತಿದೆ ಎನ್ನುವ ಮುಖದಿಂದ, ಪೆನ್ನು ತೆಗೆದು ಅವಳ ಹಾಳೆಗೆ ಸಹಿ ಮಾಡಿದರು.

ಖಾಲಿ ಸಾಲು ತುಂಬಿತು. ಹುಡುಗಿ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು, ಒದ್ದೆ ಹಾಳೆ ಹಿಡಿದಂತೆ.

ಬಸ್‌ಸ್ಟ್ಯಾಂಡಿನಲ್ಲಿ ಅವರಿಬ್ಬರನ್ನು ಹತ್ತಿಸಲು ಸಿಂದಗಿ ಬಸ್ಸು ಕಾಯುತ್ತಿದ್ದಾಗ ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ ಬಂದರು. ಅಜ್ಜನನ್ನು ಕಂಬದ ಮರೆಗೆ ಕರೆದು, "ಈಗ ಯಾರೂ ಇಲ್ಲ. ಈಗಾದರೂ ಹೇಳಿ," ಎಂದರು. ಅಜ್ಜ ಸುತ್ತ ನೋಡಿದರು. ಬಸ್‌ಸ್ಟ್ಯಾಂಡು ತುಂಬ ಜನ. ಮಾತಾಡದೆ ವಸ್ತ್ರ ಹಾಸಿದರು. ಅಧ್ಯಕ್ಷರು ಈ ಸಲ ತಾವಾಗಿಯೇ ಕೈ ಹಾಕಿದರು. ಕ್ಷಣ ಹೊತ್ತು ಬೆರಳುಗಳ ಮಾತಾಯಿತು. ಅಧ್ಯಕ್ಷರು ಸಮಾಧಾನದಿಂದ ತಲೆ ಆಡಿಸಿ, ಅಜ್ಜನಿಗೆ ನಮಸ್ಕಾರ ಮಾಡಿ ಹೋದರು.

ಬಸ್ಸು ಬಂತು. ಅಜ್ಜನನ್ನು ಹತ್ತಿಸುತ್ತ ಕೇಳಿದೆ, "ಏನು ಹೇಳಿದ್ರಿ ಅವರಿಗೆ?"

"ಹೇಳೂದೇನೈತಿ," ಎಂದರು ಅಜ್ಜ, ಸೀಟಿನ ಧೂಳನ್ನು ಅದೇ ವಸ್ತ್ರದಿಂದ ಹೊಡೆಯುತ್ತ. "ಆ ಬಿಳಿ ಎತ್ತು ಎಷ್ಟು ದಿನದಾಗ ಒಯ್ತೀರಿ ಅಂತ ಕೇಳಿದೆ. ಎರಡು ಬೆರಳು ಹಿಡದಾರ. ಸೋಮವಾರ ಬರ್ತಾರ."