ಮೀಸೆವೀರ, ಭಾಗ ಎರಡು

‘ಮೀಸೆವೀರ’ ಎಂಬ ವಿಡಿಯೋ ಆಟದ ಎರಡನೇ ಭಾಗದಲ್ಲಿ ನಾಯಕನು ಯಾರನ್ನೂ ಹೊಡೆಯುವುದಿಲ್ಲ ಎಂಬುದನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಇದು ಯಾರೊಬ್ಬರ ತಪ್ಪಿನಿಂದಲೂ ಆದದ್ದಲ್ಲ. ಹಲವು ಸಭೆಗಳಲ್ಲಿ ಸರ್ವಾನುಮತದಿಂದ ಆದದ್ದು.

ಮೊದಲನೇ ಭಾಗ ಹಾಗಿರಲಿಲ್ಲ. ಅದರಲ್ಲಿ ಮೀಸೆವೀರ ತಾರಸಿಯಿಂದ ತಾರಸಿಗೆ ಹಾರುತ್ತಿದ್ದ, ಕತ್ತಿ ಝಳಪಿಸುತ್ತಿದ್ದ, ಸೇತುವೆ ಕಾಯುವ ದೈತ್ಯನನ್ನು ಎತ್ತಿ ಹೊಳೆಗೆ ಎಸೆಯುತ್ತಿದ್ದ. ಟೈರ್ ಅಂಗಡಿಯ ಮೇಲಿನ ಇಕ್ಕಟ್ಟು ಕೋಣೆಗಳಲ್ಲಿ ಕೂತು ಅದನ್ನು ತಯಾರಿಸಿದ ಕಂಪನಿ, ನೋಡನೋಡುತ್ತಲೇ ಗಾಜಿನ ಕಟ್ಟಡಕ್ಕೆ ಏರಿತು. ಗಾಜಿನ ಕಟ್ಟಡ ಎಂದಮೇಲೆ ಅದಕ್ಕೊಂದು ಸಭಾಂಗಣ ಬಂತು. ಸಭಾಂಗಣ ಬಂದಮೇಲೆ ಸಭೆ ಸೇರದೆ ಇರಲಾದೀತೇ?

ಅಲ್ಲಿನ ಪರೀಕ್ಷಕಿಗೆ ಒಂದೇ ಕೆಲಸ: ಆಟ ಅಂಗಡಿಗೆ ಹೋಗುವ ಮುನ್ನ ಆಡಿ ನೋಡಿ ತಪ್ಪು ಹುಡುಕುವುದು. ಈ ಕೆಲಸದ ಬಗ್ಗೆ ಅವಳಿಗಿಂತ ಅವಳ ಅತ್ತೆಗೆ ಹೆಮ್ಮೆ ಹೆಚ್ಚು. ಅತ್ತೆ ನಿವೃತ್ತ ಡ್ರಿಲ್ ಟೀಚರ್. ಮೊದಲನೇ ಭಾಗವನ್ನು ಆಡಿ ಆಡಿ ರಿಮೋಟಿನ ಗುಂಡಿಯನ್ನೇ ಸವೆಸಿದವರು. ನೆಂಟರು ಬಂದರೆ ಸಾಕು, ನಮ್ಮ ಸೊಸೆ ಒಪ್ಪದೆ ಆ ಆಟದಲ್ಲಿ ಒಂದು ಇರುವೆಯೂ ಸಾಯುವುದಿಲ್ಲ ಎನ್ನುತ್ತಿದ್ದರು.

ಎರಡನೇ ಭಾಗಕ್ಕೆ ಮೊದಲು ಬಿಡುಗಡೆಯ ದಿನಾಂಕ ತಯಾರಾಯಿತು. ಆಮೇಲೆ ಪೋಸ್ಟರ್, ಆಮೇಲೆ ಮೀಸೆವೀರನ ಮುಖವಿರುವ ಚಪ್ಪಲಿ. ಕೊನೆಗೆ ಆಟವೊಂದು ಬಾಕಿ ಉಳಿಯಿತು. ಅಷ್ಟರಲ್ಲಿ ವಿಮೆಯವರು ಬಂದು, ಕಂಬಿಯಿಲ್ಲದ ತಾರಸಿಯಿಂದ ಹಾರುವುದು ಜವಾಬ್ದಾರಿಯುತ ನಡವಳಿಕೆಯಲ್ಲ ಎಂದರು. ಮೀಸೆವೀರ ಇನ್ನು ಮುಂದೆ ಮೆಟ್ಟಿಲು ಬಳಸತಕ್ಕದ್ದು ಎಂದು ತೀರ್ಮಾನವಾಯಿತು. ವಕೀಲರು ಕತ್ತಿಗೆ ಪರವಾನಗಿ ಎಲ್ಲಿ ಎಂದು ಕೇಳಿದರು. ದೈತ್ಯನನ್ನು ಬಿಡಿಸುತ್ತಿದ್ದ ಚಿತ್ರಕಾರ ಸಂಬಳ ಹೆಚ್ಚಿಸಿ ಎಂದದ್ದರಿಂದ ಅವನನ್ನೇ ಕೆಲಸದಿಂದ ಬಿಡಿಸಲಾಯಿತು. ದೈತ್ಯ ರಜೆಯ ಮೇಲಿದ್ದಾನೆ ಎಂದು ಕಥೆಯನ್ನು ತಿದ್ದಲಾಯಿತು. ಪ್ರತಿಯೊಂದಕ್ಕೂ ವ್ಯವಸ್ಥಾಪಕರು “ಆಗ್ಲಿಬಿಡಿ” ಎಂದರು. ಅವರು ಯಾವುದಕ್ಕೂ ಹಾಗೇ ಅನ್ನುವುದರಿಂದ ಕಚೇರಿಯಲ್ಲಿ ಅವರಿಗೆ ಆಗ್ಲಿಬಿಡಿ ಸಾಹೇಬರು ಎಂದೇ ಹೆಸರು.

ಪರೀಕ್ಷಕಿ ಆಟ ಶುರು ಮಾಡಿದಳು. ಮೀಸೆವೀರ ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಮೇಲೆ ಒಂದು ಕಚೇರಿ. ಕತ್ತಿಗಾಗಿ ಅರ್ಜಿ ಕೊಟ್ಟ, ಟೋಕನ್ ಪಡೆದ, ಬೆಂಚಿನ ಮೇಲೆ ಕೂತ. ಪರದೆಯ ಮೇಲೆ ಅಕ್ಷರಗಳು ಮೂಡಿದವು: ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಅವಳು ಊಟದ ಹೊತ್ತಿನವರೆಗೂ ಕಾದಳು. ಮೀಸೆವೀರ ಒಮ್ಮೆ ಕಾಲು ಬದಲಿಸಿದ, ಅಷ್ಟೇ. ಬೆಂಚು ಮಾತ್ರ ಬಲು ಚೆಂದವಾಗಿ ಮೂಡಿತ್ತು.

ಅವಳು ಸಾಹೇಬರ ಕೋಣೆಗೆ ಹೋದಳು.

“ಸಾರ್, ಇದು ಆಕ್ಷನ್ ಆಟ. ಇದರಲ್ಲಿ ಆಕ್ಷನ್ನೇ ಇಲ್ಲ.”

“ಆಕ್ಷನ್ ಅಂದ್ರೇನಮ್ಮಾ? ಕ್ರಮ. ಕ್ರಮ ಕೈಗೊಳ್ತೀವಿ ಅಂತ ಬರೆದೇ ಇದೀವಲ್ಲ.”

“ಯಾವಾಗ ಕೈಗೊಳ್ಳೋದು ಸಾರ್?”

“ಅದು ಮೂರನೇ ಭಾಗದಲ್ಲಿ.”

ಭಾಷೆಯೇ ಸಾಹೇಬರ ಪಕ್ಷ ವಹಿಸಿದಮೇಲೆ ಅವಳು ತನ್ನ ಮೇಜಿಗೆ ವಾಪಸಾದಳು. ಆಟದಲ್ಲಿ ತಪ್ಪೇನೂ ಕಂಡುಬಂದಿಲ್ಲ ಎಂದು ಸಹಿ ಹಾಕಿದಳು. ಅದು ಸುಳ್ಳೂ ಆಗಿರಲಿಲ್ಲ. ಏನಾದರೂ ನಡೆದರೆ ತಾನೆ ತಪ್ಪಾಗುವುದು? ಆದರೆ ಮನೆ ಕಡೆ ಹೊರಟವಳು ಅತ್ತೆಯ ಮುಖ ನೆನಪಾಗಿ ದೂರದ ದಾರಿ ಹಿಡಿದಳು.

ಬಿಡುಗಡೆಯ ದಿನ ಅತ್ತೆ ತಲೆ ಬಾಚಿ, ಕನ್ನಡಕ ಒರೆಸಿ, ಬಾಗಿಲ ಚಿಲಕ ಹಾಕಿ ಟಿವಿಯ ಮುಂದೆ ಕೂತರು. ಸ್ವಲ್ಪ ಹೊತ್ತಿನಲ್ಲೇ ಪರದೆಯೊಳಗಿನ ಮೀಸೆವೀರನೂ ಸೋಫಾದ ಮೇಲಿನ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡುತ್ತ ಉಳಿದರು.

“ಇದನ್ನ ನೀನು ನೋಡೇ ಹೊರಗೆ ಬಿಟ್ಯಾ?” ಎಂದರು ಅತ್ತೆ.

“ಹೂಂ ಅತ್ತೆ.”

“ಕಣ್ಣು ಬಿಟ್ಕೊಂಡೇ ನೋಡಿದ್ಯಾ?”

ಸೊಸೆ ತಲೆ ತಗ್ಗಿಸಿ ಕೆಲಸಕ್ಕೆ ಹೊರಟಳು. ಅತ್ತೆ ಓಟದ ಬೂಟುಗಳನ್ನು ಹುಡುಕಿ ತೆಗೆದರು.

ಅತ್ತೆ ಕಂಪನಿ ಮುಟ್ಟುವ ಹೊತ್ತಿಗೆ ಅಲ್ಲಿ ನಿರಾಶರಾದವರು ಕಿಕ್ಕಿರಿದಿದ್ದರು. ಕಂಪನಿಯೂ ಕೈಕಟ್ಟಿ ಕೂತಿರಲಿಲ್ಲ. ಗೋಡೆಗೆ ಪ್ರಕಟಣೆ ಅಂಟಿಸಿತ್ತು: ‘ನಿರಾಶೆ ಒಂದೇ ಬಗೆಯದಾಗಿದ್ದಲ್ಲಿ ಗುಂಪಾಗಿ ಒಂದೇ ದೂರು ನೀಡತಕ್ಕದ್ದು. ಅಳುವವರು ಎಡಗಡೆ. ಮೊದಲನೇ ಭಾಗವನ್ನು ಹೊಗಳುವಂತಿಲ್ಲ.’ ಅತ್ತೆಗೆ ಒಂದು ಟೋಕನ್ ಸಿಕ್ಕಿತು, ಕೂರಲು ಒಂದು ಬೆಂಚೂ ಸಿಕ್ಕಿತು. ಆಟದಲ್ಲಿ ಕಂಡದ್ದು ಇದೇ ಬೆಂಚು. ಚಿತ್ರಕ್ಕೆ ಮಾದರಿಯಾಗಲೆಂದು ದುಬಾರಿ ಬೆಲೆ ಕೊಟ್ಟು ತರಿಸಿದ್ದರಂತೆ. ಅತ್ತೆ ಶಿಸ್ತಿನ ಹೆಂಗಸು, ಕಾದರು. ಕೊನೆಗೆ ಅವರ ಸರದಿ ಬಂದಾಗ ಗುಮಾಸ್ತ ಕೌಂಟರಿನ ಮೇಲೆ ‘ವಿರಾಮ’ ಎಂಬ ಫಲಕ ಇಟ್ಟು ಎದ್ದುಹೋದ.

ಅತ್ತೆ ಕನ್ನಡಕ ತೆಗೆದು ಪಕ್ಕದವನ ಕೈಗೆ ಕೊಟ್ಟರು. ನಾಲ್ಕು ಹೆಜ್ಜೆ ಹಿಂದೆ ಸರಿದರು. ಓಡಿಬಂದು, ಕೌಂಟರಿನ ಮೇಲೆ ಒಂದು ಕೈ ಊರಿ, ಫಲಕಕ್ಕೆ ಕಾಲು ತಾಗದಂತೆ ಆಚೆಗೆ ಹಾರಿದರು.

ಗದ್ದಲ ಕೇಳಿ ಒಳಗಿನಿಂದ ಓಡಿಬಂದ ಪರೀಕ್ಷಕಿಗೆ ಕಂಡದ್ದು ಎದೆಯುಬ್ಬಿಸಿ ನೆಟ್ಟಗೆ ನಿಂತ ಅತ್ತೆ. ಕೆಲಸ ಹೋಯಿತು ಎಂದುಕೊಂಡಳು. ಎಂದುಕೊಳ್ಳುತ್ತಲೇ, ನೆರೆದವರೆಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆ ಆಟ ಬಿಡುಗಡೆಯಾದಮೇಲೆ ನಡೆದ ಮೊದಲ ಘಟನೆ ಅದು.

ಸಾಹೇಬರು ಬಂದರು. ಮೂರನೇ ಭಾಗದಲ್ಲಿ ಮೀಸೆವೀರ ಹಾರಲೇಬೇಕು ಎಂದು ಅತ್ತೆ ಪಟ್ಟು ಹಿಡಿದರು. ಸಾಹೇಬರು ತುಂಬು ಮನಸ್ಸಿನಿಂದ “ಆಗ್ಲಿಬಿಡಿ, ನೀವೇ ಹಾರಿಸಿ” ಎಂದರು. ಅಲ್ಲೇ ‘ಹಾರಾಟ ಸಮಿತಿ’ ರಚನೆಯಾಯಿತು. ಅತ್ತೆ ಅದರ ಅಧ್ಯಕ್ಷೆ. ತಿರುಗುವ ಕುರ್ಚಿ, ಬಾಗಿಲಿಗೆ ಫಲಕ, ಕರೆಗಂಟೆ ಎಲ್ಲ ಬಂದವು. ನಮ್ಮವರೊಬ್ಬರು ಒಳಗೆ ಹೋದರಲ್ಲ ಎಂದು ನಿರಾಶರೆಲ್ಲ ಸಂತೋಷದಿಂದ ಮನೆಗೆ ಹೋದರು.

ಅಂದಿನಿಂದ ಸಮಿತಿ ಬಿಡುವಿಲ್ಲದೆ ಸೇರುತ್ತಿದೆ. ಅತ್ತೆ ಬೆಳಗ್ಗೆ ಸೊಸೆಯ ಜೊತೆಗೇ ಹೊರಡುತ್ತಾರೆ, ಸಂಜೆ ಸೊಸೆಗಿಂತ ಸುಸ್ತಾಗಿ ಬರುತ್ತಾರೆ. ಓಟದ ಬೂಟು ಬಿಟ್ಟು ಈಗ ಮೆತ್ತನೆಯ ಚಪ್ಪಲಿ ಹಾಕುತ್ತಾರೆ. ಹಾರುವ ಮುನ್ನ ಓಡಬೇಕೇ ಎಂಬುದನ್ನು ಪರಿಶೀಲಿಸಲು ಒಂದು ಉಪಸಮಿತಿಯೂ ಇದೆ.

ಮೊನ್ನೆ ಊಟಕ್ಕೆ ಕೂತಾಗ ಸೊಸೆ ಧೈರ್ಯ ಮಾಡಿ, ಮೀಸೆವೀರ ಯಾವಾಗ ಹಾರುತ್ತಾನೆ ಎಂದು ಕೇಳಿದಳು.

“ಆತುರ ಪಟ್ರೆ ಆಗುತ್ತೇನೇ?” ಎಂದರು ಅತ್ತೆ, ನೀರಿನ ಲೋಟ ಕೆಳಗಿಟ್ಟು. “ನಾವು ಬರೀ ಹಾರೋರ ಕಡೆಯಿಂದ್ಲೇ ಯೋಚನೆ ಮಾಡ್ತಿದೀವಿ. ಹಾರಿಸ್ಕೊಳ್ಳೋ ಗೋಡೆ ಕಡೆಯವರ ಅಭಿಪ್ರಾಯನೂ ಕೇಳ್ಬೇಕಲ್ಲ.”

ಯೋಚಿಸಿ ನೋಡಿದರೆ ಸೊಸೆಗೂ ಅದು ನ್ಯಾಯ ಎನಿಸಿತು. ಗೋಡೆಯ ಪರವಾಗಿ ಮಾತಾಡಲು ಯೋಗ್ಯರೊಬ್ಬರು ಬೇಕಾಗಿದ್ದಾರೆ ಎಂದು ಕಂಪನಿ ಪ್ರಕಟಣೆ ಹೊರಡಿಸಿದೆ. ಅರ್ಜಿಗಳು ರಾಶಿ ಬಿದ್ದಿವೆ. ಆದರೂ ಆ ಹುದ್ದೆ ಅತ್ತೆಯ ಮಗನಿಗೇ ಆಗುವುದೆಂದು ಎಲ್ಲರಿಗೂ ಗೊತ್ತು, ಯಾರಿಗೂ ಬೇಸರವಿಲ್ಲ. ಮನೆಯಲ್ಲಿ ಇಬ್ಬರು ಹೆಂಗಸರ ನಡುವೆ ಇಷ್ಟು ವರ್ಷ ಅವನು ತುಟಿ ಪಿಟಕ್ಕೆನ್ನದೆ ನಿಂತದ್ದನ್ನು ಕಂಡವರೆಲ್ಲ, ಅನುಭವ ಸಾಕು ಎನ್ನುತ್ತಿದ್ದಾರೆ.